ಒಡೆಯದೆ ಒಳಗನ್ನು ನೋಡುವ ವಿದ್ಯೆ: ಕಪ್ಪೆ ಚೆನ್ನಿಗರಾಯನಿಂದ ಯಲಹಂಕದ ಗಾಲಿಯವರೆಗೆ

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಕೇಳದ ಕನ್ನಡಿಗರು ವಿರಳ. ವಿಷ್ಣುವರ್ಧನನ ದೇವಾಲಯಕ್ಕೆ ಜಕಣಾಚಾರಿ ವಿಗ್ರಹವನ್ನು ಕೆತ್ತಿ ಮುಗಿಸಿದ್ದಾನೆ. ಪ್ರತಿಷ್ಠೆಗೆ ಸಿದ್ಧತೆ ನಡೆದಿದೆ. ಎಲ್ಲಿಂದಲೋ ಬಂದ ತರುಣನೊಬ್ಬ ಈ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷ ತೋರಿಸಿದರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುತ್ತೇನೆ ಎಂದು ಹಿರಿಯ ಶಿಲ್ಪಿ ಸವಾಲು ಹಾಕುತ್ತಾನೆ. ತರುಣ ವಿಗ್ರಹದ ಮೈಗೆಲ್ಲ ಗಂಧ ಬಳಿಸುತ್ತಾನೆ. ಗಂಧ ಎಲ್ಲ ಕಡೆ ಒಣಗಿದರೂ ಹೊಕ್ಕುಳಿನ ಬಳಿ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿ ತಾಗಿಸಿದಾಗ ಕಲ್ಲಿನ ಪೊಳ್ಳಿನಿಂದ ನೀರು, ಮರಳಿನ ಜೊತೆ ಕಪ್ಪೆಯೊಂದು ಹೊರಬರುತ್ತದೆ. ತರುಣ ಬೇರೆ ಯಾರೂ ಅಲ್ಲ, ಜಕಣಾಚಾರಿಯ ಮಗ ಡಂಕಣಾಚಾರಿ.

ಇದು ಐತಿಹ್ಯವೇ ಹೊರತು ಇತಿಹಾಸವಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದ ಶಿಲ್ಪಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳು ಸಿಗುತ್ತವೆ. ಜಕಣಾಚಾರಿಗೆ ಅಂಥ ಆಧಾರವಿಲ್ಲ. ಗಟ್ಟಿ ಕಲ್ಲಿನೊಳಗೆ ಕಪ್ಪೆ ಬದುಕಿರುವುದೂ ಸಾಧ್ಯವಿಲ್ಲ. ಆದರೆ ಕಥೆ ಕಟ್ಟಿದವರ ತರ್ಕ ಮಾತ್ರ ಪಕ್ಕಾ. ಒಳಗೆ ತೇವವಿದ್ದ ಕಡೆ ಹೊರಗಿನ ಲೇಪ ತಡವಾಗಿ ಒಣಗುತ್ತದೆ. ಅಂದರೆ ಒಳಗಿನ ದೋಷ ಹೊರಗೆ ಒಂದು ಗುರುತನ್ನು ಬಿಟ್ಟುಕೊಡುತ್ತದೆ. ಆ ಗುರುತನ್ನು ಓದಲು ಬಂದರೆ ವಸ್ತುವನ್ನು ಒಡೆಯಬೇಕಿಲ್ಲ.

ಇಂದಿನ ಕಾರ್ಖಾನೆಗಳಲ್ಲಿ ಈ ವಿದ್ಯೆಗೆ ನಾನ್ ಡಿಸ್ಟ್ರಕ್ಟಿವ್ ಟೆಸ್ಟಿಂಗ್, ಚಿಕ್ಕದಾಗಿ ಎನ್‌ಡಿಟಿ ಎಂದು ಹೆಸರು. ಹಾನಿರಹಿತ ಪರೀಕ್ಷೆ ಎಂದು ಕನ್ನಡದಲ್ಲಿ ಹೇಳಬಹುದು. ಉತ್ತರ ಬೆಂಗಳೂರಿನ ಮಟ್ಟಿಗೆ ಇದು ದೂರದ ವಿಷಯವಲ್ಲ. ಯಲಹಂಕದ ರೈಲು ಗಾಲಿ ಕಾರ್ಖಾನೆಯಿಂದ ಹೊರಬೀಳುವ ಗಾಲಿ ಈ ಪರೀಕ್ಷೆಗಳನ್ನು ದಾಟಿಯೇ ಹಳಿಗೆ ಇಳಿಯಬೇಕು. ಯಶವಂತಪುರ ನಿಲ್ದಾಣದಲ್ಲಿ ರೈಲು ಹತ್ತುವವರು ತಮಗರಿಯದೆಯೇ ಆ ಪರೀಕ್ಷೆಯ ಮೇಲೆ ನಂಬಿಕೆ ಇಟ್ಟು ಕೂರುತ್ತಾರೆ.

ಕಿವಿಯೇ ಮೊದಲ ಯಂತ್ರ

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಅದನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡದೆ ಕಾಸು ಕೊಡುವುದಿಲ್ಲ. ಕಣಕಣ ಎಂದರೆ ಗಟ್ಟಿ, ದಡದಡ ಎಂದರೆ ಎಲ್ಲೋ ಸೀಳಿದೆ. ಬೆಳ್ಳಿ ರೂಪಾಯಿ ಚಲಾವಣೆಯಲ್ಲಿದ್ದಾಗ ವ್ಯಾಪಾರಿಗಳು ಅದನ್ನು ಕಲ್ಲಿನ ಮೇಲೆ ಹಾಕಿ ನಾದ ಕೇಳುತ್ತಿದ್ದರು. ಶಿಲ್ಪಶಾಸ್ತ್ರಗಳು ಕಲ್ಲನ್ನು ಅದು ಕೊಡುವ ನಾದದಿಂದಲೇ ಪುರುಷ ಶಿಲೆ, ಸ್ತ್ರೀ ಶಿಲೆ, ನಪುಂಸಕ ಶಿಲೆ ಎಂದು ವಿಂಗಡಿಸುತ್ತವೆ. ನಾದವಿಲ್ಲದ ಕಲ್ಲು ದೇವರ ಮೂರ್ತಿಗೆ ಒದಗದು.

ಇದರ ಹಿಂದಿನ ಕಾರಣ ಸರಳ. ಅಖಂಡವಾದ ವಸ್ತುವನ್ನು ತಟ್ಟಿದಾಗ ಅದರ ಮೈಯೆಲ್ಲ ಒಟ್ಟಿಗೆ ಕಂಪಿಸಿ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ. ಬಿರುಕಿದ್ದರೆ ಅದರ ಎರಡು ದಡಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯನ್ನು ನುಂಗಿಬಿಡುತ್ತವೆ. ನಾದ ಮೊಂಡಾಗುತ್ತದೆ.

ರೈಲು ಬಂದಾಗ ಇದೇ ಉಪಾಯ ರೈಲಿಗೂ ಬಂತು. ದೊಡ್ಡ ನಿಲ್ದಾಣಗಳಲ್ಲಿ ಗಾಡಿ ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆ ಹಿಡಿದ ನೌಕರನೊಬ್ಬ ಗಾಲಿಗಳನ್ನು ಒಂದೊಂದಾಗಿ ಕುಟ್ಟುತ್ತ ಹೋಗುತ್ತಿದ್ದ ದೃಶ್ಯ ಹಳಬರಿಗೆ ನೆನಪಿರಬಹುದು. ನಡುರಾತ್ರಿಯ ನಿದ್ದೆಗಣ್ಣಿನಲ್ಲಿ ಕೇಳಿಬರುತ್ತಿದ್ದ ಆ ಟಣ್ ಟಣ್ ಸದ್ದು ಸುಮ್ಮನೆ ಮಾಡಿದ್ದಲ್ಲ. ಸಾವಿರಾರು ಗಾಲಿಗಳ ಸದ್ದು ಕೇಳಿ ಪಳಗಿದ ಕಿವಿಗೆ ಒಡೆದ ಗಾಲಿಯ ಅಪಸ್ವರ ತಕ್ಷಣ ತಿಳಿಯುತ್ತಿತ್ತು. ಆದರೆ ಈ ಉಪಾಯಕ್ಕೆ ಒಂದು ಮಿತಿ ಇತ್ತು. ಬಿರುಕು ಸಾಕಷ್ಟು ದೊಡ್ಡದಾಗಿದ್ದರೆ ಮಾತ್ರ ಅದು ಕಿವಿಗೆ ಸಿಗುತ್ತಿತ್ತು. ಆ ವೇಳೆಗೆ ಕೆಲವೊಮ್ಮೆ ಕಾಲ ಮೀರಿರುತ್ತಿತ್ತು.

ವರ್ಸೇಲ್ಸ್ ಕಲಿಸಿದ ಪಾಠ

1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಅರಸನ ಉತ್ಸವ ನೋಡಿ ಪ್ಯಾರಿಸ್ಸಿಗೆ ಮರಳುತ್ತಿದ್ದ ಜನರಿಂದ ರೈಲು ತುಂಬಿತ್ತು. ದಾರಿಯಲ್ಲಿ ಎಂಜಿನ್ನಿನ ಆಕ್ಸಲ್ ಮುರಿಯಿತು. ಡಬ್ಬಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿತು. ಪ್ರಯಾಣಿಕರ ಸುರಕ್ಷತೆಗೆಂದು ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತು. 50ಕ್ಕೂ ಹೆಚ್ಚು ಮಂದಿ ಸುಟ್ಟು ಸತ್ತರು. ದಕ್ಷಿಣ ಧ್ರುವದ ಕಡೆ ಹಡಗು ನಡೆಸಿ ಹೆಸರಾಗಿದ್ದ ನಾವಿಕ ಡ್ಯುಮಾಂಟ್ ಡರ್ವಿಲ್ ಹೆಂಡತಿ, ಮಗನೊಡನೆ ಅಲ್ಲಿಯೇ ಸತ್ತ.

ಗಟ್ಟಿಮುಟ್ಟಾದ ಕಬ್ಬಿಣದ ಆಕ್ಸಲ್ ಅದಕ್ಕೆ ಹೊರಲಾಗದ ಭಾರವೇನೂ ಬೀಳದಿದ್ದರೂ ಏಕೆ ಮುರಿಯಿತು ಎಂಬ ಪ್ರಶ್ನೆ ಯುರೋಪಿನ ಎಂಜಿನಿಯರುಗಳನ್ನು ಕಾಡಿತು. ಸ್ಕಾಟ್ಲೆಂಡಿನ ತರುಣ ಎಂಜಿನಿಯರ್ ವಿಲಿಯಂ ರಾಂಕಿನ್ ಮುರಿದ ಆಕ್ಸಲ್‌ಗಳನ್ನು ಪರೀಕ್ಷಿಸಿ, ಅವು ಒಮ್ಮೆಲೇ ಮುರಿದಿಲ್ಲ ಎಂದು ತೋರಿಸಿದ. ಆಕ್ಸಲ್‌ನ ದಪ್ಪ ಇದ್ದಕ್ಕಿದ್ದಂತೆ ಬದಲಾಗುವ ಮೂಲೆಯಲ್ಲಿ ಸಣ್ಣ ಬಿರುಕು ಹುಟ್ಟಿ, ದಿನದಿನಕ್ಕೆ ಒಳಗೆ ಇಳಿಯುತ್ತ ಹೋಗಿ, ಕೊನೆಗೆ ಉಳಿದ ಲೋಹ ಭಾರ ತಾಳಲಾರದೆ ಮುರಿಯುತ್ತದೆ ಎಂಬುದು ಅವನ ನಿರ್ಣಯ. ಮುಂದೆ ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850ರ ದಶಕದಿಂದ 1870ರವರೆಗೆ ಪ್ರಯೋಗಗಳನ್ನು ನಡೆಸಿ, ಒಂದೇ ಸಲಕ್ಕೆ ಲೋಹವನ್ನು ಮುರಿಯಲಾರದ ಭಾರ ಲಕ್ಷಾಂತರ ಸಲ ಮರುಕಳಿಸಿದಾಗ ಅದನ್ನು ಮುರಿಯಬಲ್ಲದು ಎಂದು ಸಿದ್ಧಪಡಿಸಿದ. ಇದಕ್ಕೆ ಲೋಹದ ಬಳಲಿಕೆ ಎಂದು ಹೆಸರು.

ರೈಲಿನ ಆಕ್ಸಲ್ ಈ ಬಳಲಿಕೆಗೆ ಹೇಳಿ ಮಾಡಿಸಿದ ವಸ್ತು. ಗಾಡಿಯ ಭಾರಕ್ಕೆ ಆಕ್ಸಲ್ ಅತಿ ಸ್ವಲ್ಪ ಬಾಗುತ್ತದೆ. ಬಾಗಿದಾಗ ಅದರ ಒಂದು ಪಕ್ಕ ಒತ್ತಿಕೊಂಡರೆ ಎದುರು ಪಕ್ಕ ಹಿಗ್ಗುತ್ತದೆ. ಅರ್ಧ ಸುತ್ತು ತಿರುಗುವುದರೊಳಗೆ ಒತ್ತಿಕೊಂಡಿದ್ದು ಹಿಗ್ಗಿ, ಹಿಗ್ಗಿದ್ದು ಒತ್ತಿಕೊಳ್ಳುತ್ತದೆ. ಸುಮಾರು 1 ಮೀಟರು ವ್ಯಾಸದ ಗಾಲಿ ಒಂದು ಕಿಲೋಮೀಟರು ಸಾಗಲು 318 ಸಲ ಸುತ್ತಬೇಕು. ಯಶವಂತಪುರದಿಂದ ಹುಬ್ಬಳ್ಳಿ ಮುಟ್ಟುವುದರೊಳಗೆ ಹೆಚ್ಚುಕಡಿಮೆ ಒಂದೂವರೆ ಲಕ್ಷ ಸುತ್ತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವ ಮಕ್ಕಳಾಟವನ್ನು ರೈಲು ತನ್ನ ಆಕ್ಸಲ್‌ನ ಮೇಲೆ ದಿನವೂ ಆಡುತ್ತಿರುತ್ತದೆ ಎಂದರೂ ತಪ್ಪಿಲ್ಲ. ಆಟ ಬಲು ಮೃದುವಾಗಿ ನಡೆಯುತ್ತದೆ, ಅಷ್ಟೆ.

ಹೀಗಾಗಿ ಎಂಜಿನಿಯರುಗಳ ಪ್ರಶ್ನೆಯೇ ಬದಲಾಯಿತು. ಮುರಿದದ್ದು ಏಕೆ ಎಂದು ಕೇಳುವ ಬದಲು, ಮುರಿಯುವ ಮೊದಲು ತಿಳಿಯುವುದು ಹೇಗೆ ಎಂದು ಕೇಳತೊಡಗಿದರು.

ಎಣ್ಣೆ, ಸುಣ್ಣ, ಅಯಸ್ಕಾಂತ

ರೈಲ್ವೆ ವರ್ಕ್‌ಶಾಪುಗಳು ಕಂಡುಕೊಂಡ ಮೊದಲ ಉತ್ತರ ಡಂಕಣಾಚಾರಿಯ ಗಂಧದ ಉಪಾಯಕ್ಕೆ ತೀರ ಹತ್ತಿರವಾದದ್ದು. ಗಾಡಿಯ ಭಾಗವನ್ನು ಸೀಮೆಎಣ್ಣೆಯಲ್ಲಿ ತೆಳುವಾಗಿಸಿದ ಹಳೆಯ ಎಣ್ಣೆಯಲ್ಲಿ ಅದ್ದಿಡುವುದು, ಬಳಿಕ ಚೆನ್ನಾಗಿ ಒರೆಸಿ ಸುಣ್ಣದ ಪುಡಿ ಕಲಸಿದ ದ್ರವವನ್ನು ಬಳಿಯುವುದು. ದ್ರವ ಆರಿ ಮೈ ಬೆಳ್ಳಗಾದ ಮೇಲೆ, ಬಿರುಕಿನೊಳಗೆ ಸೇರಿಕೊಂಡಿದ್ದ ಎಣ್ಣೆ ಮೆಲ್ಲನೆ ಹೊರಬಂದು ಸುಣ್ಣದ ಮೇಲೆ ಕಪ್ಪು ಗೆರೆ ಎಳೆಯುತ್ತಿತ್ತು. ಕೂದಲೆಳೆಯಷ್ಟು ಸಣ್ಣ ಬಿರುಕು ತನ್ನ ಚಿತ್ರವನ್ನು ತಾನೇ ಬರೆದು ತೋರಿಸುತ್ತಿತ್ತು. ಇಂದು ಎಣ್ಣೆಯ ಬದಲು ಕೆಂಪು ಬಣ್ಣ ಅಥವಾ ಕತ್ತಲಲ್ಲಿ ಹೊಳೆಯುವ ದ್ರವ ಬಂದಿದೆ. ಪೀಣ್ಯದ ಸಣ್ಣ ವರ್ಕ್‌ಶಾಪಿನಲ್ಲಿಯೂ ಸಿಗುವ ಡೈ ಪೆನೆಟ್ರೆಂಟ್ ಡಬ್ಬಿಗಳು ಆ ಎಣ್ಣೆ ಸುಣ್ಣದ ವಂಶದವೇ.

ಎರಡನೆಯ ಉತ್ತರ ಅಯಸ್ಕಾಂತದ್ದು. 1868ರಲ್ಲಿ ಇಂಗ್ಲೆಂಡಿನ ಸ್ಯಾಕ್ಸ್‌ಬಿ ಎಂಬಾತ ಅಯಸ್ಕಾಂತೀಕರಿಸಿದ ಬಂದೂಕಿನ ನಳಿಗೆಯ ಮೇಲೆ ದಿಕ್ಸೂಚಿಯನ್ನು ಓಡಿಸಿದ. ದೋಷವಿದ್ದ ಕಡೆ ಮುಳ್ಳು ಅತ್ತಿತ್ತ ಹೊರಳಿತು. ಈ ಮಾತು ಬಹುಕಾಲ ಮೂಲೆಗೆ ಬಿತ್ತು. 1920ರ ದಶಕದ ಆರಂಭದಲ್ಲಿ ಅಮೆರಿಕದ ವಿಲಿಯಂ ಹೋಕ್ ಅಯಸ್ಕಾಂತದ ಹಿಡಿಕೆಯಲ್ಲಿ ಉಕ್ಕಿನ ತುಂಡುಗಳನ್ನು ಉಜ್ಜಿ ನುಣುಪು ಮಾಡುತ್ತಿದ್ದಾಗ, ಉದುರಿದ ಉಕ್ಕಿನ ಪುಡಿ ಕೆಲವು ಕಡೆ ಸಾಲುಗಟ್ಟಿ ನಿಂತದ್ದನ್ನು ಕಂಡ. ಆ ಸಾಲುಗಳ ಕೆಳಗೆ ಬಿರುಕುಗಳಿದ್ದವು.

ಕಾಲುವೆಯ ನೀರಿಗೆ ಅಡ್ಡ ಬಂಡೆ ಸಿಕ್ಕರೆ ನೀರು ದಡ ಮೀರಿ ಹರಿಯುವಂತೆ, ಉಕ್ಕಿನೊಳಗೆ ಹರಿಯುವ ಅಯಸ್ಕಾಂತ ರೇಖೆಗಳು ಬಿರುಕು ಅಡ್ಡ ಬಂದಾಗ ಮೇಲ್ಮೈಯಿಂದ ಹೊರಗೆ ಚೆಲ್ಲುತ್ತವೆ. ಕಬ್ಬಿಣದ ಪುಡಿ ಅಲ್ಲಿ ಬಂದು ಮುತ್ತುತ್ತದೆ. ಮುಂದೆ ಡಿ ಫಾರೆಸ್ಟ್ ಮತ್ತು ಡೋನ್ ಎಂಬಿಬ್ಬರು ಈ ವಿಧಾನವನ್ನು ಕಾರ್ಖಾನೆಗಳಿಗೆ ಒಗ್ಗಿಸಿದರು. ಕಬ್ಬಿಣದ ಪುಡಿಗೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ ಲೇಪಿಸಿದ ಮೇಲಂತೂ ಕತ್ತಲೆ ಕೋಣೆಯಲ್ಲಿ ಬಿರುಕು ಹಸಿರು ಗೆರೆಯಾಗಿ ಬೆಳಗತೊಡಗಿತು.

ಈ ನಡುವೆ 1895ರ ನವೆಂಬರ್ 8ರಂದು ಜರ್ಮನಿಯ ರಾಂಟ್‌ಗೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದಿದ್ದ. ಹೆಂಡತಿಯ ಕೈಯ ಚಿತ್ರದಿಂದ ಲೋಕಪ್ರಸಿದ್ಧನಾದ ಆತ ತನ್ನ ಬೇಟೆಯ ಬಂದೂಕಿನ ಚಿತ್ರವನ್ನೂ ತೆಗೆದಿದ್ದ. ವೈದ್ಯರಿಗೆ ಮೂಳೆ ಕಂಡಂತೆ ಎಂಜಿನಿಯರುಗಳಿಗೆ ಎರಕದೊಳಗಿನ ಗುಳ್ಳೆ, ಬೆಸುಗೆಯೊಳಗಿನ ಪೊಳ್ಳು ಕಾಣತೊಡಗಿದವು. ಬಾಯ್ಲರು, ಅನಿಲದ ಕೊಳವೆಗಳ ಬೆಸುಗೆಗೆ ಇಂದಿಗೂ ಎಕ್ಸ್-ಕಿರಣ ಇಲ್ಲವೇ ಇರಿಡಿಯಂ-192 ಹೊಮ್ಮಿಸುವ ಗಾಮಾ ಕಿರಣವೇ ಆಧಾರ. ಆದರೆ ಇದು ಅಪಾಯದ ಬೆಳಕು, ಕೆಲಸಗಾರರನ್ನು ದೂರವಿಡಬೇಕು. ಅಲ್ಲದೆ ಕಿರಣಕ್ಕೆ ಅಡ್ಡಲಾಗಿ ಮಲಗಿದ ತೆಳ್ಳನೆಯ ಬಿರುಕು ಚಿತ್ರದಲ್ಲಿ ಮೂಡುವುದೇ ಇಲ್ಲ.

ಕೇಳಿಸದ ಧ್ವನಿ

ಕೊನೆಗೆ ಮತ್ತೆ ಧ್ವನಿಯೇ ನೆರವಿಗೆ ಬಂತು, ಆದರೆ ಮನುಷ್ಯನ ಕಿವಿಗೆ ಕೇಳಿಸದ ಧ್ವನಿ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲದು. ಅದನ್ನು ಮೀರಿದ್ದು ಶ್ರವಣಾತೀತ ಧ್ವನಿ, ಅಂದರೆ ಅಲ್ಟ್ರಾಸೌಂಡ್. ಕೆಲವು ಹರಳುಗಳಿಗೆ ವಿದ್ಯುತ್ ಹರಿಸಿದರೆ ಅವು ಹಿಗ್ಗಿ ಕುಗ್ಗಿ ಇಂಥ ಧ್ವನಿಯನ್ನು ಹೊಮ್ಮಿಸುತ್ತವೆ. ಧ್ವನಿ ಬಂದು ತಾಗಿದರೆ ತಾವೇ ವಿದ್ಯುತ್ ಕೊಡುತ್ತವೆ. 1880ರಲ್ಲಿ ಕ್ಯೂರಿ ಸೋದರರು ಕಂಡ ಒತ್ತಡ ವಿದ್ಯುತ್ತಿನ ಗುಣವೇ ಈ ವಿದ್ಯೆಯ ಅಡಿಗಲ್ಲು.

ಶ್ರವಣಾತೀತ ಧ್ವನಿಯನ್ನು ಅರಿಯುವ ಕೆಲಸದಲ್ಲಿ ಬೆಂಗಳೂರಿಗೂ ಪಾಲಿದೆ. ಇಂಥ ಧ್ವನಿ ಹಾಯುತ್ತಿರುವ ದ್ರವದ ಮೂಲಕ ಬೆಳಕು ಬಿಟ್ಟರೆ ಆ ಬೆಳಕು ಹಲವು ಕವಲುಗಳಾಗಿ ಒಡೆಯುವುದನ್ನು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಕಂಡಿದ್ದರು. ಏಕೆ ಹೀಗಾಗುತ್ತದೆ ಎಂಬುದನ್ನು ಗಣಿತದ ಮೂಲಕ ಬಿಡಿಸಿದವರು ಯಶವಂತಪುರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್. 1935-36ರಲ್ಲಿ ಪ್ರಕಟವಾದ ಅವರ ಲೇಖನಮಾಲೆಯಿಂದ ಬಂದ ರಾಮನ್-ನಾಥ್ ಸಿದ್ಧಾಂತ ಇಂದೂ ಭೌತಶಾಸ್ತ್ರದ ಪಠ್ಯಗಳಲ್ಲಿದೆ. ಅವರು ಉಕ್ಕಿನ ಬಿರುಕು ಹುಡುಕುತ್ತಿರಲಿಲ್ಲ, ನಿಜ. ಆದರೆ ಕೇಳಿಸದ ಧ್ವನಿಯನ್ನು ಕಣ್ಣಿಗೆ ಕಾಣಿಸುವ ದಾರಿಯೊಂದನ್ನು ಸ್ಪಷ್ಟಗೊಳಿಸಿದರು.

ಲೋಹದೊಳಗಿನ ದೋಷ ಹುಡುಕಲು ಈ ಧ್ವನಿಯನ್ನು ಬಳಸಬಹುದೆಂದು 1920ರ ದಶಕದ ಕೊನೆಯಲ್ಲಿ ಲೆನಿನ್‌ಗ್ರಾಡಿನ ಸೊಕೊಲೊವ್ ಸೂಚಿಸಿದ್ದ. ಅದನ್ನು ಪ್ರತಿಧ್ವನಿಯ ಯಂತ್ರವಾಗಿಸಿದ್ದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫ್ಲಾಯ್ಡ್ ಫೈರ್‌ಸ್ಟೋನ್. 1940ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಆತನಿಗೆ 1942ರಲ್ಲಿ ಅದು ದೊರೆಯಿತು. ಅದೇ ಯುದ್ಧಕಾಲದಲ್ಲಿ ಬ್ರಿಟನ್ನಿನ ಡೊನಾಲ್ಡ್ ಸ್ಪ್ರೌಲ್ ಕೂಡ ಸ್ವತಂತ್ರವಾಗಿ ಇದೇ ದಾರಿ ಹಿಡಿದಿದ್ದ.

ಬಾವಿಗೆ ಕೂಗಿ ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತೆಂದು ನೋಡಿ ಆಳ ಅಂದಾಜು ಮಾಡಿದಂತೆ ಈ ಯಂತ್ರದ ಕೆಲಸ. ಉಕ್ಕಿನಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 5,900 ಮೀಟರು ವೇಗದಲ್ಲಿ ಓಡುತ್ತದೆ. 10 ಸೆಂಟಿಮೀಟರು ಆಳದ ಬಿರುಕಿಗೆ ತಾಗಿ ಮರಳಲು ಸೆಕೆಂಡಿನ ಹತ್ತು ಲಕ್ಷದಲ್ಲಿ 34 ಪಾಲು ಕಾಲ ಸಾಕು. ಪರದೆಯ ಮೇಲೆ ಮೊದಲು ಒಂದು ಗೆರೆ ಏಳುತ್ತದೆ, ಅದು ಧ್ವನಿ ಹೊರಟ ಗುರುತು. ಕೊನೆಗೆ ಇನ್ನೊಂದು, ಅದು ವಸ್ತುವಿನ ತಳಕ್ಕೆ ಬಡಿದು ಬಂದದ್ದು. ಇವೆರಡರ ನಡುವೆ ಮೂರನೆಯ ಗೆರೆ ಎದ್ದರೆ ಅಲ್ಲೇನೋ ಇದೆ ಎಂದರ್ಥ. ಧ್ವನಿಯ ತರಂಗ ಎಷ್ಟು ಗಿಡ್ಡವೋ ಅಷ್ಟು ಸಣ್ಣ ದೋಷ ಸಿಕ್ಕುತ್ತದೆ. ಸೆಕೆಂಡಿಗೆ 25 ಲಕ್ಷ ಕಂಪನದ ಧ್ವನಿಗೆ ಉಕ್ಕಿನಲ್ಲಿ ಒಂದು ತರಂಗದ ಉದ್ದ ಎರಡೂವರೆ ಮಿಲಿಮೀಟರಿಗೂ ಕಡಿಮೆ. ಸುತ್ತಿಗೆಯ ಸದ್ದಿಗೆ ಸಿಗದ ಬಿರುಕು ಇದಕ್ಕೆ ಸಿಗುವುದು ಈ ಕಾರಣಕ್ಕೆ.

ಯಲಹಂಕದಲ್ಲಿ ಗಾಲಿ ಹುಟ್ಟುವ ಬಗೆ

1980ರ ದಶಕದ ಆರಂಭದವರೆಗೂ ಭಾರತೀಯ ರೈಲ್ವೆ ತನಗೆ ಬೇಕಾದ ಗಾಲಿ ಮತ್ತು ಆಕ್ಸಲ್‌ಗಳಲ್ಲಿ ಶೇ. 55ರಷ್ಟನ್ನು ವಿದೇಶಗಳಿಂದ ತರಿಸುತ್ತಿತ್ತು. ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆ ಹೊಸ ಬಗೆಯ ಗಾಲಿಗಳಿಗೆ ಒಗ್ಗದೆ ಉತ್ಪಾದನೆ ನಿಲ್ಲಿಸಿತು. ದುರ್ಗಾಪುರದ ಉಕ್ಕಿನ ಕಾರ್ಖಾನೆಯಿಂದ ಬೇಡಿಕೆಯ ಒಂದು ಪಾಲು ಮಾತ್ರ ಪೂರೈಕೆಯಾಗುತ್ತಿತ್ತು. ವಿದೇಶಿ ವಿನಿಮಯದ ಕೊರತೆಯ ಆ ದಿನಗಳಲ್ಲಿ ಗಾಲಿ ಬರುವುದು ತಡವಾದರೆ ಹೊಸ ವ್ಯಾಗನ್‌ಗಳ ತಯಾರಿಕೆಗೆ ಪೆಟ್ಟು ಬೀಳುತ್ತಿತ್ತು. ಆಗ ರೈಲ್ವೆ ತಾನೇ ಕಟ್ಟಿದ್ದು ಯಲಹಂಕದ ವೀಲ್ ಅಂಡ್ ಆಕ್ಸಲ್ ಪ್ಲಾಂಟ್. 1984ರಲ್ಲಿ ಕೆಲಸ ಆರಂಭಿಸಿದ ಅದು ಮುಂದೆ ರೈಲು ಗಾಲಿ ಕಾರ್ಖಾನೆ ಎಂದು ಹೆಸರು ಬದಲಿಸಿಕೊಂಡಿತು.

ಇಲ್ಲಿ ಹಳೆಯದೇ ಹೊಸದಾಗುತ್ತದೆ. ಸವೆದ ಗಾಲಿ, ಹಳೆಯ ಆಕ್ಸಲ್, ತುಂಡಾದ ಹಳಿ ಮುಂತಾದ ರೈಲ್ವೆಯ ಗುಜರಿಯೇ ಕಚ್ಚಾ ಸಾಮಗ್ರಿ. ವಿದ್ಯುತ್ ಕುಲುಮೆಯಲ್ಲಿ 1,500 ಡಿಗ್ರಿ ಸೆಲ್ಷಿಯಸ್ ಮೀರಿದ ಶಾಖಕ್ಕೆ ಅದು ಕರಗುತ್ತದೆ. ಕರಗಿದ ಉಕ್ಕನ್ನು ಮೇಲಿನಿಂದ ಸುರಿಯುವುದಿಲ್ಲ. ಉಕ್ಕಿನ ಪಾತ್ರೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಗಾಳಿಯ ಒತ್ತಡ ಕೊಟ್ಟರೆ ಉಕ್ಕು ನಳಿಗೆಯಲ್ಲಿ ಮೇಲೇರಿ ಗ್ರಾಫೈಟಿನ ಮೌಲ್ಡನ್ನು ಕೆಳಗಿನಿಂದ ತುಂಬುತ್ತದೆ. ಸುರಿದರೆ ಉಕ್ಕು ಸಿಡಿದು ಗಾಳಿಯನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಶಾಂತವಾಗಿ ಏರಿದರೆ ಆ ಭಯ ಕಡಿಮೆ. ದೋಷ ಹುಡುಕುವ ಮೊದಲು ದೋಷ ಹುಟ್ಟದಂತೆ ಮಾಡುವ ಎಚ್ಚರ ಇದು.

ಆದರೂ ಎರಕವೆಂದರೆ ಎರಕವೇ. ಉಕ್ಕು ಗಟ್ಟಿಯಾಗುವಾಗ ಕುಗ್ಗಿ ಪೊಳ್ಳು ಬಿಡಬಹುದು, ಅನಿಲದ ಗುಳ್ಳೆ ಉಳಿಯಬಹುದು, ಕಿಟ್ಟದ ಚೂರು ಸಿಕ್ಕಿಕೊಳ್ಳಬಹುದು. ಎರಕದ ಗಾಲಿಯನ್ನು ಮತ್ತೆ ಕಾಯಿಸಿ ಅದರ ಅಂಚಿಗೆ ನೀರು ಚಿಮ್ಮಿಸಿ ತಣಿಸುತ್ತಾರೆ. ಇದರಿಂದ ಅಂಚು ಗಡುಸಾಗುವುದಲ್ಲದೆ ಅಲ್ಲಿನ ಲೋಹ ಸದಾ ಒತ್ತಿ ಹಿಡಿದ ಸ್ಥಿತಿಯಲ್ಲಿ ಉಳಿಯುತ್ತದೆ. ಹೀಗೆ ಒತ್ತಿ ಹಿಡಿದ ಲೋಹದಲ್ಲಿ ಬಿರುಕು ಬಾಯಿ ತೆರೆಯುವುದು ಕಷ್ಟ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಒತ್ತಿ ಒತ್ತಿ ಗಾಲಿ ವಿಪರೀತ ಕಾದರೆ ಮಾತ್ರ ಈ ರಕ್ಷಣೆ ಕರಗಿ ತಿರುಗುಬಾಣವಾಗುವುದುಂಟು.

ಇಷ್ಟಾದ ಮೇಲೆ ಪರೀಕ್ಷೆಯ ಸರದಿ. ಅಯಸ್ಕಾಂತೀಕರಿಸಿದ ಗಾಲಿಯ ಮೇಲೆ ಹೊಳೆಯುವ ಕಬ್ಬಿಣದ ಪುಡಿ ಬೆರೆಸಿದ ದ್ರವ ಹರಿಸಿ ನೇರಳಾತೀತ ಬೆಳಕಿನಲ್ಲಿ ಮೇಲ್ಮೈ ನೋಡುತ್ತಾರೆ. ಬಳಿಕ ಶ್ರವಣಾತೀತ ಧ್ವನಿ ಹಾಯಿಸಿ ಒಡಲು ನೋಡುತ್ತಾರೆ. ಗಡಸುತನವನ್ನು ಬೇರೆಯಾಗಿ ಅಳೆಯುತ್ತಾರೆ. ಒಂದು ವಿಧಾನ ಬಿಟ್ಟದ್ದನ್ನು ಇನ್ನೊಂದು ಹಿಡಿಯಲಿ ಎಂಬುದು ಲೆಕ್ಕ. ಅಯಸ್ಕಾಂತ ಆಳದ ಗುಳ್ಳೆಯನ್ನು ಕಾಣದು. ಧ್ವನಿ ಚರ್ಮದಲ್ಲಿಯೇ ಇರುವ ಗೀರನ್ನು ತಪ್ಪಿಸಬಹುದು.

ಆಕ್ಸಲ್ ಎರಕದ್ದಲ್ಲ, ಕಾದ ಉಕ್ಕನ್ನು ಬಡಿದು ಮಾಡಿದ್ದು. ಅದಕ್ಕೂ ಧ್ವನಿ ಪರೀಕ್ಷೆ ಉಂಟು. ಗಾಲಿಯನ್ನು ಆಕ್ಸಲ್‌ಗೆ ಭಾರಿ ಒತ್ತಡದಿಂದ ಕೂರಿಸಿದ ಮೇಲೆ ಗಾಲಿಯ ಗುಂಬದ ಕೆಳಗಿನ ಭಾಗ ಯಾರ ಕಣ್ಣಿಗೂ ಬೀಳದು. ಬಳಲಿಕೆಯ ಬಿರುಕು ಹುಟ್ಟಲು ಇಷ್ಟಪಡುವ ಜಾಗವೂ ಅದೇ. ಹೀಗಾಗಿ ವರ್ಕ್‌ಶಾಪುಗಳಲ್ಲಿ ಆಕ್ಸಲ್‌ನ ತುದಿಗೆ ಯಂತ್ರದ ಹರಳನ್ನು ಒತ್ತಿ ಉದ್ದಕ್ಕೂ ಧ್ವನಿ ಕಳಿಸುತ್ತಾರೆ. ಗಾಲಿ ಕಳಚದೆಯೇ ಅದರಡಿಯ ಸುದ್ದಿ ತಿಳಿಯುತ್ತದೆ.

ಹಳಿಯ ಮೇಲೆ ನಡೆಯುವವರು

ಗಾಲಿ ಸರಿಯಿದ್ದರೆ ಸಾಲದು, ಹಳಿಯೂ ಸರಿಯಿರಬೇಕು. 1911ರ ಆಗಸ್ಟ್ 25ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಎಂಬಲ್ಲಿ ಹಳಿ ಮುರಿದು 29 ಮಂದಿ ಸತ್ತರು. ಹಳಿಯ ತಲೆಯೊಳಗೆ ಹೊರಗೆ ಕಾಣದಂತೆ ಅಡ್ಡ ಬಿರುಕು ಬೆಳೆದಿತ್ತು. ಕರಗಿದ ಉಕ್ಕಿನಲ್ಲಿ ಉಳಿದ ಹೈಡ್ರೋಜನ್ ಇಂಥ ಬಿರುಕುಗಳಿಗೆ ಬೀಜ ಎಂಬುದು ಬಳಿಕ ತಿಳಿಯಿತು. 1928ರಲ್ಲಿ ಎಲ್ಮರ್ ಸ್ಪೆರಿ ಹಳಿಯ ದೋಷ ಹುಡುಕುತ್ತ ಓಡುವ ಗಾಡಿಯನ್ನೇ ಕಟ್ಟಿದ.

ನಮ್ಮಲ್ಲಿ ಯಲಹಂಕದಿಂದ ಯಶವಂತಪುರದ ಕಡೆ ಹಳಿಯ ಮೇಲೆ ಸಣ್ಣ ಟ್ರಾಲಿಯೊಂದನ್ನು ತಳ್ಳಿಕೊಂಡು ನಡೆಯುವ ರೈಲ್ವೆ ಸಿಬ್ಬಂದಿ ಕಣ್ಣಿಗೆ ಬಿದ್ದರೆ, ಅದು ಇದೇ ಕೆಲಸ ಎಂದು ತಿಳಿಯಬಹುದು. ಟ್ರಾಲಿಯ ಅಡಿಯ ಹರಳುಗಳು ಹಳಿಗೆ ನೇರವಾಗಿ, ಓರೆಯಾಗಿ ಧ್ವನಿ ಕಳಿಸುತ್ತಿರುತ್ತವೆ. ಹರಳಿಗೂ ಹಳಿಗೂ ನಡುವೆ ನೀರು ತೊಟ್ಟಿಕ್ಕುತ್ತಿರಬೇಕು. ಕೂದಲೆಳೆಯಷ್ಟು ಗಾಳಿ ನಡುವೆ ಉಳಿದರೂ ಧ್ವನಿ ಉಕ್ಕಿನೊಳಗೆ ಇಳಿಯುವುದಿಲ್ಲ. ಅಪಾಯದ ದೋಷ ಕಂಡರೆ ಹಳಿಗೆ ಬಣ್ಣದ ಗುರುತು ಬೀಳುತ್ತದೆ. ಪಟ್ಟಿ ಕಟ್ಟಿ ಬಿಗಿದು, ಹಳಿ ಬದಲಾಗುವವರೆಗೆ ಗಾಡಿಗಳ ವೇಗ ಇಳಿಸುತ್ತಾರೆ. ತಕ್ಷಣದ ಅಪಾಯವಿಲ್ಲದ ದೋಷವಾದರೆ ಅದರ ಮೇಲೆ ಕಣ್ಣಿಡುವ ಹೊಣೆ ದಿನವೂ ಹಳಿ ನಡೆಯುವ ಕೀಮ್ಯಾನ್‌ನದು.

ವಿಮಾನಕ್ಕೂ, ಸೇತುವೆಗೂ

1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳು ಮೂರು ತಿಂಗಳ ಅಂತರದಲ್ಲಿ ಎರಡು ಸಲ ಆಕಾಶದಲ್ಲಿಯೇ ಒಡೆದು ಸಮುದ್ರಕ್ಕೆ ಬಿದ್ದವು. ಅಲ್ಲಿಯೂ ಅಪರಾಧಿ ಲೋಹದ ಬಳಲಿಕೆಯೇ. ಅಂದಿನಿಂದ ವಿಮಾನದ ಮೈಯನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷಿಸುವುದು ಹಾರಾಟದಷ್ಟೇ ಮುಖ್ಯವಾಯಿತು. ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನೋಡಲು ಹೋದವರು ತಲೆಯೆತ್ತಿ ನೋಡುವ ತೇಜಸ್ ವಿಮಾನದ ರೆಕ್ಕೆ ಲೋಹದ್ದಲ್ಲ, ಇಂಗಾಲದ ಎಳೆಗಳ ಪದರಗಳನ್ನು ಅಂಟಿಸಿ ಮಾಡಿದ್ದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಅದರ ಅಭಿವೃದ್ಧಿಯಲ್ಲಿ ಮುಖ್ಯ ಪಾತ್ರ ವಹಿಸಿತು. ಇಂಥ ವಸ್ತುವಿನ ಶತ್ರು ಬಿರುಕಿಗಿಂತ ಹೆಚ್ಚಾಗಿ ಪದರ ಬಿಡುವುದು. ಅದನ್ನು ಹುಡುಕಲು ಮೈಯೆಲ್ಲ ಶ್ರವಣಾತೀತ ಧ್ವನಿ ಓಡಿಸಿ ನಕ್ಷೆ ತೆಗೆಯುತ್ತಾರೆ. ಸ್ವಾರಸ್ಯವೆಂದರೆ, ನಾಣ್ಯದಂಥ ವಸ್ತುವಿನಿಂದ ತಟ್ಟಿ ಸದ್ದು ಕೇಳುವ ಹಳೆಯ ಪರೀಕ್ಷೆಯೂ ವಿಮಾನದ ಮನೆಗಳಲ್ಲಿ ಇನ್ನೂ ಜೀವಂತವಾಗಿದೆ. ಪದರ ಬಿಟ್ಟ ಕಡೆ ಸದ್ದು ಮೊಂಡು. ಸಂತೆಯ ಮಡಕೆಯ ನ್ಯಾಯವೇ ಇಲ್ಲಿಯೂ.

ಕಾಂಕ್ರೀಟಿನ ಕಥೆಯೂ ಇದಕ್ಕಿಂತ ದೂರವಲ್ಲ. ಕಾಂಕ್ರೀಟಿನ ಮೂಲಕ ಧ್ವನಿ ಸೆಕೆಂಡಿಗೆ 4.5 ಕಿಲೋಮೀಟರಿಗಿಂತ ವೇಗವಾಗಿ ಹಾದರೆ ಅತ್ಯುತ್ತಮ, 3 ಕಿಲೋಮೀಟರಿಗಿಂತ ಕಡಿಮೆಯಾದರೆ ಸಂಶಯಾಸ್ಪದ ಎಂದು 1992ರ ಭಾರತೀಯ ಮಾನಕ ಹೇಳಿತು. ಆದರೆ ಕಾಂಕ್ರೀಟಿನೊಳಗಿನ ಉಕ್ಕಿನ ಕೇಬಲ್ಲು ತುಕ್ಕು ಹಿಡಿದರೆ? ಯಶವಂತಪುರದಾಚೆ ಗೊರಗುಂಟೆಪಾಳ್ಯದಿಂದ ತುಮಕೂರು ರಸ್ತೆಯುದ್ದಕ್ಕೂ ಸಾಗುವ ಪೀಣ್ಯದ ಮೇಲುಸೇತುವೆ ಈ ಪ್ರಶ್ನೆಯನ್ನು ಊರಿಗೇ ಕೇಳಿತು. 2021ರ ಡಿಸೆಂಬರಿನಲ್ಲಿ 102 ಮತ್ತು 103ನೇ ಕಂಬಗಳ ಬಳಿ ಸೇತುವೆಯನ್ನು ಬಿಗಿದು ಹಿಡಿದ ಕೇಬಲ್ಲುಗಳಲ್ಲಿ ದೋಷ ಕಂಡು ಸಂಚಾರ ನಿಲ್ಲಿಸಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆ ಕೇಳಲಾಯಿತು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಅವಕಾಶ ಸಿಕ್ಕಿತು. ಹೊಸ ಕೇಬಲ್ಲು ಹಾಕಿ, ಭಾರ ಹೇರಿ ಪರೀಕ್ಷಿಸಿ, ಭಾರಿ ವಾಹನಗಳನ್ನು ಬಿಡುವಾಗ 2024ರ ಜುಲೈ ಆಗಿತ್ತು. ಎರಡೂವರೆ ವರ್ಷ ಕೆಳಗಿನ ರಸ್ತೆಯಲ್ಲಿ ಲಾರಿಗಳು ತೆವಳಿದವು, ಜನ ಬೈದರು. ಆದರೆ ಮುರಿದ ಮೇಲೆ ತಿಳಿಯುವುದಕ್ಕೂ ಮುರಿಯುವ ಮೊದಲು ತಿಳಿಯುವುದಕ್ಕೂ ಇರುವ ಅಂತರದ ಬೆಲೆ ಆ ಎರಡೂವರೆ ವರ್ಷದ ಕಿರಿಕಿರಿಗಿಂತ ಹೆಚ್ಚಿನದು.

ಇಲ್ಲ ಎಂಬುದಕ್ಕೂ ಕಾಣಲಿಲ್ಲ ಎಂಬುದಕ್ಕೂ

ಹಾಗೆಂದು ಯಂತ್ರ ಬಂದ ಮೇಲೆ ಭಯ ಮುಗಿಯಿತು ಎನ್ನುವಂತಿಲ್ಲ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಡಿಸಿ-10 ವಿಮಾನವೊಂದು ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 296 ಮಂದಿಯಲ್ಲಿ 111 ಮಂದಿ ಅಪಘಾತದಲ್ಲಿ ಸತ್ತರು. ಎಂಜಿನ್ನಿನ ಟೈಟಾನಿಯಂ ಚಕ್ರ ಹಾರಾಟದಲ್ಲಿಯೇ ಸಿಡಿದಿತ್ತು. ಲೋಹ ಕರಗಿಸುವಾಗಲೇ ಅದರಲ್ಲಿ ಹುಟ್ಟಿದ್ದ ಸಣ್ಣ ದೋಷವೊಂದು ಕಾರ್ಖಾನೆಯ ಪರೀಕ್ಷೆಯನ್ನು ದಾಟಿ ಬಂದಿತ್ತು. ಅದರಿಂದ ಬೆಳೆದ ಬಿರುಕು ಕಡೆಯ ತಪಾಸಣೆಯ ವೇಳೆಗೆ ಕಾಣಬೇಕಾದಷ್ಟು ದೊಡ್ಡದಾಗಿತ್ತು, ಆದರೂ ನೋಡಿದವರ ಕಣ್ಣಿಗೆ ಬೀಳಲಿಲ್ಲ ಎಂದು ತನಿಖೆ ತೀರ್ಮಾನಿಸಿತು. 1998ರ ಜೂನ್ 3ರಂದು ಜರ್ಮನಿಯ ಎಷೆಡೆಯಲ್ಲಿ ಅತಿವೇಗದ ರೈಲಿನ ಗಾಲಿಯ ಹೊರಪಟ್ಟಿ ಮುರಿದು 101 ಮಂದಿ ಸತ್ತರು. ಬಿರುಕು ಪಟ್ಟಿಯ ಒಳಮೈಯಲ್ಲಿ ಹುಟ್ಟಿ ಹೊರಗೆ ಕಾಣದಂತೆ ಬೆಳೆದಿತ್ತು.

ಈ ಎರಡು ಘಟನೆಗಳಿಂದ ಈ ವಿದ್ಯೆ ಕಲಿತ ದೊಡ್ಡ ಪಾಠವೊಂದಿದೆ. ಪರೀಕ್ಷೆ ಎಂದೂ ದೋಷವಿಲ್ಲ ಎಂದು ಹೇಳುವುದಿಲ್ಲ. ಈ ವಿಧಾನದಿಂದ, ಈ ಕೋನದಿಂದ, ಇಷ್ಟು ಗಾತ್ರದ ದೋಷ ಕಾಣಲಿಲ್ಲ ಎಂದಷ್ಟೇ ಹೇಳುತ್ತದೆ. ಉಳಿದದ್ದು ನೋಡುವವನ ತರಬೇತಿ, ತಾಳ್ಮೆ ಮತ್ತು ಪ್ರಾಮಾಣಿಕತೆಗೆ ಬಿಟ್ಟದ್ದು. ಸಾವಿರ ಗಾಲಿಗಳಲ್ಲಿ ಗೆರೆ ಕಾಣದ ಕಣ್ಣು ಸಾವಿರದ ಒಂದನೆಯದನ್ನೂ ಗೆರೆಯಿಲ್ಲವೆಂದೇ ನೋಡುವ ಅಪಾಯ ಸದಾ ಇರುತ್ತದೆ. ಪರೀಕ್ಷಕರಿಗೆ ಹಂತ ಹಂತದ ಪ್ರಮಾಣಪತ್ರ, ಕಾಲಕಾಲಕ್ಕೆ ಕಣ್ಣಿನ ತಪಾಸಣೆ, ಬೇಕೆಂದೇ ದೋಷವಿಟ್ಟು ಮಾಡಿದ ಮಾದರಿಗಳ ಮೇಲೆ ಯಂತ್ರವನ್ನು ಹೊಂದಿಸಿಕೊಳ್ಳುವ ಕಟ್ಟುಪಾಡು ಇವೆಲ್ಲ ಬಂದದ್ದು ಇದಕ್ಕಾಗಿ. ಗೆರೆ ಕಂಡಾಗ ಮಾಲು ತಡವಾದರೂ ಸರಿ ಎಂದು ಅದನ್ನು ಬದಿಗಿಡುವ ಅಧಿಕಾರ ಪರೀಕ್ಷಕನಿಗೆ ಇರಬೇಕೆನ್ನುವುದೂ ಇದಕ್ಕಾಗಿಯೇ.

ಈ ಕೆಲಸ ಮಾಡುವವರ ಹೆಸರು ಸುದ್ದಿಯಾಗುವುದು ಅಪರೂಪ. ಗಾಲಿ ಮುರಿದರೆ ಅದು ಮುಖಪುಟದ ಸುದ್ದಿ. ಮುರಿಯಬಹುದಾಗಿದ್ದ ಗಾಲಿಯೊಂದನ್ನು ಯಲಹಂಕದ ಕತ್ತಲೆ ಕೋಣೆಯಲ್ಲಿ ಹಸಿರು ಗೆರೆಯ ಮೇಲೆ ಗುರುತು ಹಾಕಿ ಮತ್ತೆ ಕುಲುಮೆಗೆ ಕಳಿಸಿದ ದಿನ ಯಾವ ಸುದ್ದಿಯೂ ಇರುವುದಿಲ್ಲ. ಅಂದು ರಾತ್ರಿಯ ರೈಲು ಹೊತ್ತಿಗೆ ಸರಿಯಾಗಿ ಊರು ಸೇರಿರುತ್ತದೆ.